ಕಣ್ಣು ಬಂತು, ಬಾ

ಬುಕ್ಕಸಾಗರ
12–6–1974

ಚಿ. ತಾಯಕ್ಕನಿಗೆ,

ತುಂಗಭದ್ರಾ ಡ್ಯಾಮಿಗೆ ಮೂವತ್ಮೂರು ಬಾಗಿಲು ಇಡಿಸಿದ ನಿನ್ನ ಮಾಮ ಎರ್ರಿಯಪ್ಪನ ಆಶೀರ್ವಾದ. ಎಂಜಿನಿಯರುಗಳು ಮೂವತ್ತೆರಡೇ ಸಾಕೆಂದು ಹಟ ಹಿಡಿದು ಕುಳಿತಿದ್ದರು. ‘ಸಾಹೇಬ್ರೆ, ಇನ್ನೊಂದು ಇಡ್ರಿ, ಇಲ್ಲಾಂದ್ರ ನಮ್ಮ ಬುಕ್ಕಸಾಗರಕ್ಕ ನೀರು ಸಾಲಂಗಿಲ್ಲ’ ಎಂದು ನಾನು ಗದರಿಸಿದ ಮೇಲೆ ನಕ್ಷೆ ತಿದ್ದಿದರು. ಅಂಥವನ ಸೊಸೆ ನೀನು. ಚೋರನೂರಿನಂಥ ನೀರಿಲ್ಲದ ಊರಿಗೆ ಮೇಡಂ ಆಗಿ ಹೋದೆನೆಂದು ಹೆದರಬಾರದು.

ನಿನ್ನ ಅತ್ತೆ ವಿರುಪಮ್ಮ ನೀನು ಹೋದ ದಿನದಿಂದ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾಳೆ, ಆಮೇಲೆ ನೆನಪಾಗಿ ತೆಗೆಯುತ್ತಾಳೆ. ನಿನ್ನ ಅವ್ವ, ನನ್ನ ತಂಗಿ, ತೀರಿಕೊಂಡ ಮೇಲೆ ಹತ್ತು ವರ್ಷ ನಮ್ಮ ಮನೆಯಲ್ಲಿ ಬೆಳೆದವಳು ನೀನು. ನೀನು ಹೋದದ್ದು ತಟ್ಟೆಗೆ ಬೇಗ ತಿಳಿಯುವುದಿಲ್ಲ.

ಹೋದ ವರ್ಷ ನಿನ್ನ ಎಡಗಣ್ಣು ಕೆಂಡದಂತೆ ಆಗಿದ್ದಾಗ ಹೊಸಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ಯಾರು? ನಾನು. ‘ಎರ್ರಿಯಪ್ಪನವರೆ, ಒಂದು ದಿನ ತಡ ಆಗಿದ್ರ ಕಣ್ಣು ಹೋಗ್ತಿತ್ತು’ ಎಂದು ಆ ಡಾಕ್ಟರು ನನ್ನ ಕೈ ಹಿಡಿದು ಹೇಳಿದರು. ಈಗ ಅದು ಮುತ್ತಿನಂಥ ಕಣ್ಣು. ಕಂಪ್ಲಿಯವರು ಸಂಬಂಧ ಕೇಳುತ್ತಿದ್ದಾರೆ. ಹುಡುಗನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಅವರಿಗೂ ಅದನ್ನೇ ಹೇಳಿದ್ದೇನೆ: ಧೂಳು ಬಿದ್ದಿತ್ತು, ಹೋಯಿತು.

ಮನೆ ಸಿಕ್ಕಿತೆ? ಬರೆ.

ನಿನ್ನ ಮಾಮ
ಎರ್ರಿಯಪ್ಪ

*

ಚೋರನೂರು
3–7–1974

ತೀರ್ಥರೂಪ ಸಮಾನರಾದ ಮಾಮನವರಿಗೆ ತಾಯಕ್ಕ ಮಾಡುವ ನಮಸ್ಕಾರಗಳು.

ಮನೆ ಸಿಕ್ಕಿತು. ಮನೆ ಎಂದರೆ ಎರ್ರೆಮ್ಮ ಎಂಬವಳ ಪಡಸಾಲೆಗೆ ಹೊಂದಿದ ಒಂದು ಕೋಣೆ. ಎರ್ರೆಮ್ಮ ಕೂಲಿಗೆ ಹೋಗುವವಳು, ಬಾಯಿ ಜೋರು, ಆದರೆ ನನ್ನ ಕೊಡ ತುಂಬಿಸದೆ ತನ್ನ ಕೊಡ ತುಂಬಿಸಿಕೊಳ್ಳುವುದಿಲ್ಲ. ಇಲ್ಲಿ ಕಾಲುವೆ ಇಲ್ಲ ಮಾಮ. ಜೋಳ, ನವಣೆ, ಆಕಾಶ. ಸಂಡೂರಿನಿಂದ ದಿನಕ್ಕೊಂದು ಬಸ್ಸು, ಅದೂ ಬಂದರೆ ಬಂತು. ನಿಮ್ಮ ಮೂವತ್ಮೂರನೆಯ ಬಾಗಿಲಿನ ನೀರು ಇಲ್ಲಿಗೆ ತಲುಪಿಲ್ಲ.

ಒಂದು ಮಾತು ಕೇಳಬೇಕಿತ್ತು. ಪಕ್ಕದ ಊರಿನಲ್ಲಿ ಕಾಲರಾ ಬಂದು ಇಬ್ಬರು ತೀರಿಕೊಂಡಿದ್ದಾರೆ. ಹದಿನೆಂಟನೆಯ ತಾರೀಖು ನಮ್ಮ ಶಾಲೆಯಲ್ಲಿ ಇಂಜೆಕ್ಷನ್ ಹಾಕುತ್ತಾರೆ, ತಿಂಗಳು ಕಳೆದ ಮೇಲೆ ಎರಡನೆಯದು. ಜನ ಹೆದರುತ್ತಾರೆಂದು ಮೊದಲು ಶಾಲೆಯವರೇ ಕೈ ಕೊಡಬೇಕಂತೆ. ಇಲ್ಲಿ ಶಾಲೆ ಎಂದರೆ ನಾನೊಬ್ಬಳೇ.

ನನಗೆ ಸೂಜಿಯ ಹೆದರಿಕೆ ಇಲ್ಲ. ಆದರೆ ಹೋದ ವರ್ಷ ಹೊಸಪೇಟೆಯಲ್ಲಿ ಡಾಕ್ಟರು ನನ್ನ ಕಣ್ಣಿಗೆ ಹನಿ ಹಾಕಿ ಹೊರಗೆ ಬೆಂಚಿನ ಮೇಲೆ ಕೂರಿಸಿ, ನಿಮ್ಮೊಬ್ಬರನ್ನೇ ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ನನಗೆ ಎದುರಿನ ಗೋಡೆಯೂ ಮಂಜಾಗಿತ್ತು. ‘ಇಂಜೆಕ್ಷನ್’ ಎಂಬ ಮಾತು ಕಿವಿಗೆ ಬಿದ್ದ ನೆನಪು. ನೀವು ನಗುತ್ತ ಹೊರಗೆ ಬಂದಿರಿ, ಕೈಯಲ್ಲಿ ಒಂದು ಚೀಟಿ ಇತ್ತು. ಅವರು ಏನು ಹೇಳಿದರು?

ಅತ್ತೆಗೆ ನಮಸ್ಕಾರ.

ತಾಯಕ್ಕ

*

ಬುಕ್ಕಸಾಗರ
10–7–1974

ಚಿ. ತಾಯಕ್ಕನಿಗೆ,

ಒಂದು ಸೂಜಿಗೆ ಎರಡು ಪುಟ ಕಾಗದ ಬರೆದ ಮೇಡಂಗೆ ಮಾಮನ ಆಶೀರ್ವಾದ. ಡ್ಯಾಮಿನ ಕ್ಯಾಂಪಿನಲ್ಲಿ ನಮಗೆ ಇಂಜೆಕ್ಷನ್ ಹಾಕಲು ಬಂದವನು ನನ್ನ ತೋಳು ನೋಡಿ ‘ಇದಕ್ಕ ಸೂಜಿ ಇಳಿಯಂಗಿಲ್ಲ, ಸುತ್ತಿಗಿ ತರ್ರಿ’ ಎಂದ. ಮೂರು ಸೂಜಿ ಮುರಿದವು. ನಾಲ್ಕನೆಯದು ನಾನೇ ಚುಚ್ಚಿಕೊಂಡೆ.

ಡಾಕ್ಟರು ಒಳಗೆ ಹೇಳಿದ್ದು ಏನೂ ಇಲ್ಲ. ‘ಧೈರ್ಯದ ಹುಡುಗಿ’ ಎಂದರು. ಬಾಳೆಯ ದರ ಕೇಳಿದರು. ಚೀಟಿ ಎಂದರೆ ದವಾಖಾನೆಯವರು ಎಲ್ಲರಿಗೂ ಕೊಡುವ ಕಾಗದ. ನೀನು ನಿಶ್ಚಿಂತೆಯಿಂದ ಕೈ ಕೊಡು.

ಆದರೆ ಕಣ್ಣಿನ ಸುದ್ದಿ ಅಲ್ಲಿ ಯಾರ ಮುಂದೆಯೂ ಎತ್ತಬೇಡ. ಕಂಪ್ಲಿಯವರ ಬೀಗರು ಸಂಡೂರಿನಲ್ಲಿದ್ದಾರೆ. ಮಾತು ಬಸ್ಸಿಗಿಂತ ಜಲ್ದಿ ಊರು ಸೇರುತ್ತದೆ.

ನಿನ್ನ ಮಾಮ
ಎರ್ರಿಯಪ್ಪ

*

ಚೋರನೂರು
22–7–1974

ಪೂಜ್ಯ ಮಾಮನವರಿಗೆ ನಮಸ್ಕಾರಗಳು.

ಇಂಜೆಕ್ಷನ್ ಆಯಿತು. ನೀವು ಇದ್ದಿದ್ದರೆ ಒಂದು ವರ್ಷಕ್ಕೆ ಸಾಕಾಗುವಷ್ಟು ಕಥೆ ಸಿಗುತ್ತಿತ್ತು. ಶಾಲೆಯ ಕಟ್ಟೆಯ ಮೇಲೆ ಮೇಜು ಹಾಕಿ, ಸ್ಟೋವಿನ ಮೇಲೆ ಸೂಜಿ ಕುದಿಸುತ್ತಿದ್ದರು. ಊರೆಲ್ಲ ಬೇವಿನ ಮರದ ಕೆಳಗೆ ನಿಂತಿತ್ತು, ಒಬ್ಬರೂ ಕಟ್ಟೆ ಹತ್ತಲಿಲ್ಲ. ಎರ್ರೆಮ್ಮ ಎಲ್ಲರಿಗಿಂತ ಮುಂದೆ.

‘ಸೂಜಿ ಹಾಕಿಸಿಕೊಂಡ್ರ ಜ್ವರ ಬರ್ತದಂತ, ಕೈ ಬಾತು ಕಳೆ ತೆಗೆಯಾಕ ಬರಂಗಿಲ್ಲಂತ. ಎರಡು ದಿನದ ಕೂಲಿ ಯಾರು ಕೊಡ್ತಾರ, ನಿಮ್ಮಪ್ಪ ಕೊಡ್ತಾನೇನು?’ ಎಂದು ಇಂಜೆಕ್ಷನ್ನಿನವನನ್ನು ಕೇಳಿದಳು.

ಅವನು ‘ಜೀವ ದೊಡ್ದಾ, ಕೂಲಿ ದೊಡ್ದಾ?’ ಎಂದ.

‘ನಿನಗ ಪಗಾರ ಐತಿ, ನಿನಗ ಜೀವ ದೊಡ್ದು’ ಎಂದಳು. ಜನ ನಕ್ಕರು. ನಕ್ಕ ಮೇಲೆ ಇನ್ನು ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

ಆಗ ನಾನು ಕುಪ್ಪಸದ ತೋಳು ಏರಿಸಿ ಕಟ್ಟೆ ಹತ್ತಿದೆ. ‘ಎರ್ರೆಮ್ಮಾ, ನನ್ನ ನೋಡು. ನಂಗೇನಾರ ಆದ್ರ ನೀ ಹಾಕಿಸಿಕೋಬ್ಯಾಡ’ ಎಂದೆ. ಎಲ್ಲರ ಮುಂದೆ ಹೇಳಿಬಿಟ್ಟೆ ಮಾಮ. ನನ್ನ ಹಿಂದೆ ಅರವತ್ತೊಂದು ಜನ ಸೂಜಿಗೆ ಕೈ ಕೊಟ್ಟರು. ಎರ್ರೆಮ್ಮ ಕೊಡಲಿಲ್ಲ. ‘ನೋಡ್ತೀನಿ’ ಎಂದಳು.

ಅವಳು ನಿಜವಾಗಿಯೂ ನೋಡುತ್ತಿದ್ದಾಳೆ. ಬೆಳಿಗ್ಗೆ ಎದ್ದೊಡನೆ ‘ಅಕ್ಕೋರೆ, ಆರಾಮದೀರಿ?’ ಎನ್ನುತ್ತಾಳೆ. ಇವತ್ತು ನಾಲ್ಕನೆಯ ದಿನ. ಎಡಗಣ್ಣು ಸ್ವಲ್ಪ ಕೆಂಪಾಗಿದೆ, ಬಿಸಿಲಿಗೆ ಚುಚ್ಚುತ್ತದೆ, ಕಪ್ಪು ಹಲಗೆಯ ಅಕ್ಷರ ಮಬ್ಬು. ಅದಿರಿನ ಲಾರಿಗಳ ಧೂಳಿರಬೇಕು. ಸೆರಗು ಎಳೆದುಕೊಂಡು ‘ಆರಾಮ’ ಎಂದೆ.

ತಾಯಕ್ಕ

*

ಬುಕ್ಕಸಾಗರ
29–7–1974

ಚಿ. ತಾಯಕ್ಕನಿಗೆ,

ಧೂಳೇ. ಬೇರೆ ಏನೂ ಅಲ್ಲ. ಈ ಕಾಗದ ತರುವ ಕಂಡಕ್ಟರನ ಕೈಯಲ್ಲಿ ಒಂದು ಬಾಟಲಿ ಇದೆ. ನಂದಿಬಟ್ಟಲು ಹೂವಿನ ನೀರು. ಬೆಳಗಿನ ಮಂಜಿನಲ್ಲಿ ನಾನೇ ಹೂ ಬಿಡಿಸಿ ನೆನೆಸಿದ್ದೇನೆ. ಇದರಿಂದ ಹಂಪಿಯಲ್ಲಿ ಒಬ್ಬ ಬಿಳಿಯ ಸಾಹೇಬನ ಕಣ್ಣು ವಾಸಿ ಮಾಡಿದ್ದೇನೆ. ಅವನು ನನ್ನನ್ನು ಲಂಡನ್ನಿಗೆ ಕರೆದ. ಭತ್ತದ ನಾಟಿ ಇದೆ, ಬರುವುದಿಲ್ಲ ಎಂದೆ.

ದಿನಕ್ಕೆ ಮೂರು ಸಲ ಹಾಕಿಕೋ. ಎಂಟು ದಿನಕ್ಕೆ ನಿನಗೆ ಕಣ್ಣು ಬರುತ್ತದೆ, ಬರದಿದ್ದರೆ ನನ್ನ ಮೀಸೆ ತೆಗೆಸುತ್ತೇನೆ. ಊರಿನವರ ಮುಂದೆಯೂ ಹೀಗೆಯೇ ಹೇಳಿದ್ದೇನೆ. ಕಣ್ಣು ಯಾರದು ಎಂದು ಮಾತ್ರ ಹೇಳಿಲ್ಲ.

ಕಂಪ್ಲಿಯವರು ಆಗಸ್ಟ್ ಮೂವತ್ತೊಂದಕ್ಕೆ ಮಾತುಕತೆಗೆ ಬರುತ್ತಾರೆ.

ನಿನ್ನ ಮಾಮ
ಎರ್ರಿಯಪ್ಪ

*

ಚೋರನೂರು
8–8–1974

ಪೂಜ್ಯ ಮಾಮನವರಿಗೆ ನಮಸ್ಕಾರಗಳು.

ಬಾಟಲಿ ತಲುಪಿತು. ನಿಮ್ಮ ಹೂವಿನ ನೀರಿನಿಂದಲೇ ಕೆಂಪು ಇಳಿಯಿತು. ನಿಮ್ಮ ಮೀಸೆ ಉಳಿಯಿತೆಂದು ಅತ್ತೆಗೆ ಹೇಳಿರಿ. ಮಬ್ಬು ಮಾತ್ರ ಸ್ವಲ್ಪ ಉಳಿದಿದೆ.

ಹದಿನಾರಕ್ಕೆ ಎರಡನೆಯ ಇಂಜೆಕ್ಷನ್. ನಾನು ತಪ್ಪಿಸಿಕೊಂಡರೆ ಅರವತ್ತೊಂದು ಜನರೂ ತಪ್ಪಿಸಿಕೊಳ್ಳುತ್ತಾರೆ. ಆದ್ದರಿಂದ ಇನ್ನೊಂದು ಸಲ ಕೇಳುತ್ತೇನೆ, ಸಿಟ್ಟಾಗಬೇಡಿ. ಡಾಕ್ಟರು ನಿಜವಾಗಿಯೂ ಏನೂ ಹೇಳಲಿಲ್ಲವೆ?

ತಾಯಕ್ಕ

*

ತಂತಿ
ಸಂಡೂರು, 21–8–1974

ಎರ್ರಿಯಪ್ಪ ಬುಕ್ಕಸಾಗರ
ಕಣ್ಣು ಬಂತು ಬಾ
ತಾಯಕ್ಕ

*

ಬುಕ್ಕಸಾಗರ
24–8–1974

ಚಿ. ತಾಯಕ್ಕನಿಗೆ,

ಬಂತಲ್ಲ! ಕಣ್ಣು ಬಂತಲ್ಲ! ನಾನು ಹೇಳಿದ ಮಾತನ್ನೇ ತಂತಿಯಲ್ಲಿ ಹಾಕಿ ಕಳಿಸಿದೆಯಲ್ಲ, ನನ್ನ ತಾಯಿ! ತಂತಿಯವನು ಸೈಕಲ್ ನಿಲ್ಲಿಸಿದಾಗ ಯಾರೋ ಸತ್ತರೆಂದು ನಿನ್ನ ಅತ್ತೆ ಬಾಯಿಗೆ ಸೆರಗು ಹಚ್ಚಿದಳು. ಇಂಗ್ಲಿಷ್ ಅಕ್ಷರ, ಅವನಿಂದಲೇ ಓದಿಸಿದೆ. ‘ಕಣ್ಣು ಬಂತು.’ ಆ ತಂತಿಯವನಿಗೇ ಮೊದಲ ಮಿರ್ಚಿ.

ನಿನ್ನೆ ಕಟ್ಟೆಯ ಮೇಲೆ ಊರಿಗೆಲ್ಲ ವಗ್ಗಾಣಿ, ಮಿರ್ಚಿ, ಚಹಾ ಹಂಚಿದೆ. ‘ಯಾಕ ಎರ್ರಿಯಪ್ಪ, ಲಾಟರಿ ಹೊಡೀತೇನು?’ ಎಂದರು. ‘ಹೂವಿನ ನೀರಾಗ ಕಣ್ಣು ತರಿಸೀನಿ, ಲಾಟರಿ ಯಾವ ಲೆಕ್ಕ!’ ಎಂದೆ. ಬುಕ್ಕಸಾಗರದಲ್ಲಿ ಈಗ ಕಣ್ಣು ಉಜ್ಜಿಕೊಂಡವರೆಲ್ಲ ನಮ್ಮ ಬಾಗಿಲಿಗೆ ಬರುತ್ತಿದ್ದಾರೆ.

‘ಬಾ’ ಎಂದಿದ್ದೀಯ. ಸಂತೋಷವನ್ನು ಒಬ್ಬಳೇ ಹಂಚಿಕೊಳ್ಳಲು ಆಗುವುದಿಲ್ಲ, ಗೊತ್ತು. ನಾಟಿ ಮುಗಿಯಲಿ, ಕಂಪ್ಲಿಯವರು ಬಂದು ಹೋಗಲಿ, ಹೊಸ ಧೋತರ ಉಟ್ಟು ಬರುತ್ತೇನೆ.

ನಿನ್ನ ಮಾಮ
ಎರ್ರಿಯಪ್ಪ

*

ಹೊಸಪೇಟೆ
3–9–1974

ಮಾಮ,

ಇದನ್ನು ಡಾಕ್ಟರ ದವಾಖಾನೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅದೇ ಬೆಂಚು. ಸಾಲು ಓರೆಯಾದರೆ ಕ್ಷಮಿಸಿ, ಒಂದೇ ಕಣ್ಣಿನಲ್ಲಿ ಸಾಲು ಸಿಗುತ್ತಿಲ್ಲ.

ನಿಮ್ಮ ಉತ್ತರ ಬರಲಿಲ್ಲ, ಹದಿನಾರಕ್ಕೆ ಎರಡನೆಯದು ಹಾಕಿಸಿಕೊಂಡೆ. ನನ್ನ ಹಿಂದೆ ಐವತ್ತೆಂಟು ಜನ. ಇಪ್ಪತ್ತಕ್ಕೆ ಎಡಗಣ್ಣು ಉರಿದೆದ್ದಿತು. ಹೋದ ವರ್ಷದಂತೆಯೇ, ಅದಕ್ಕಿಂತ ಹೆಚ್ಚು. ಇಪ್ಪತ್ತೊಂದಕ್ಕೆ ಕಂಡಕ್ಟರನ ಹತ್ತಿರ ಹೇಳಿ ತಂತಿ ಹಾಕಿಸಿದೆ. ಮೂರೇ ಮಾತು. ಊರಿಗೆಲ್ಲ ಗೊತ್ತಿರುವ ಮಾತು.

ಆಮೇಲೆ ಬಾಗಿಲು ಹಾಕಿಕೊಂಡೆ. ಶಾಲೆಗೆ ಜ್ವರ ಎಂದು ಹೇಳಿ ಕಳಿಸಿದೆ. ಕಣ್ಣು ತೋರಿಸಿದ್ದರೆ ಊರು ಸೂಜಿಯನ್ನು ಬಿಡುತ್ತಿತ್ತು. ನಾನೇ ಎಲ್ಲರ ಮುಂದೆ ಹಾಗೆ ಮಾತು ಕೊಟ್ಟಿದ್ದೆ. ಮಾಮ ಬರುತ್ತಾನೆ, ಇವತ್ತು ಬರುತ್ತಾನೆ, ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆ ಎಂದು ಕತ್ತಲಲ್ಲಿ ಕುಳಿತು ಬಸ್ಸಿನ ಸದ್ದು ಕೇಳಿದೆ. ಒಂದು ದಿನ ಬಸ್ಸು ಬರಲಿಲ್ಲ. ಅವತ್ತು ಸಮಾಧಾನವಾಯಿತು, ನೀವು ಬರದಿದ್ದಕ್ಕೆ ಕಾರಣ ಸಿಕ್ಕಿತೆಂದು.

ಮೊನ್ನೆ ಭಾನುವಾರ ನಸುಕಿನಲ್ಲಿ ಎರ್ರೆಮ್ಮ ಬಾಗಿಲ ಅಗುಳಿ ಕಿತ್ತು ಒಳಗೆ ಬಂದಳು. ನನ್ನ ಮುಖ ಬೆಳಕಿಗೆ ತಿರುಗಿಸಿದಳು. ಅದಿರಿನ ಲಾರಿ ತಡೆದು, ಡ್ರೈವರನ ಪಕ್ಕ ನನ್ನನ್ನು ಕೂರಿಸಿಕೊಂಡು ಸಂಡೂರಿಗೆ, ಅಲ್ಲಿಂದ ಹೊಸಪೇಟೆಗೆ ಕರೆತಂದಳು. ದವಾಖಾನೆಗೆ ರಜೆ ಇತ್ತು. ಡಾಕ್ಟರ ಮನೆಯ ಬಾಗಿಲು ಬಡಿದ ರೀತಿಗೆ ಓಣಿಯೇ ಎದ್ದಿತು.

ಡಾಕ್ಟರು ನನ್ನನ್ನು ಗುರುತಿಸಿದರು. ದೀಪ ಹಿಡಿದು ನೋಡಿ ಮೊದಲು ಕೇಳಿದ್ದು: ‘ಹನಿ ಯಾವಾಗ ಶುರು ಮಾಡಿದ್ರಿ?’

‘ಯಾವ ಹನಿ?’ ಎಂದೆ.

‘ಚೀಟಿ ಕೊಟ್ಟಿದ್ನಲ್ಲ ನಿಮ್ಮ ಮಾಮನ ಕೈಯಾಗ! ಈ ಉರಿ ಪೂರ್ತಿ ಹೋಗೂದಲ್ಲ, ಮಲಗಿರ್ತದ, ಜ್ವರಕ್ಕೋ ಇಂಜೆಕ್ಷನ್ನಿಗೋ ಮತ್ತ ಏಳಬಹುದು, ಏಳದೇನೂ ಇರಬಹುದು ಅಂತ ಹೇಳಿದ್ದೆ. ಇಂಜೆಕ್ಷನ್ ಬಿಡಬ್ಯಾಡ್ರಿ, ಹನಿ ಕೈಯಾಗ ಇಟ್ಟುಕೊಂಡು ಹಾಕಿಸಿಕೊಳ್ರಿ, ಕೆಂಪಾದ ದಿನಾನೇ ಶುರು ಮಾಡ್ರಿ, ಎರಡು ದಿನದೊಳಗ ನನ್ನ ಹತ್ರ ಬರ್ರಿ ಅಂತ ಎರಡೆರಡು ಸಲ ಹೇಳಿದ್ದೆ.’

ಪಾಪೆ ಒಳಗೆ ಅಂಟಿಕೊಂಡಿದೆಯಂತೆ. ಹನಿ ಹಾಕುತ್ತಿದ್ದಾರೆ, ಬಿಡುತ್ತಿಲ್ಲ. ಎಡಗಣ್ಣಿಗೆ ಅವರ ಬೆರಳು ಎಷ್ಟೆಂದು ಮಾತ್ರ ಕಾಣುತ್ತದೆ. ‘ಇಂಜೆಕ್ಷನ್ನಿಂದಲೇ ಎದ್ದಿತೇ?’ ಎಂದು ಕೇಳಿದೆ. ‘ಇರಬಹುದು, ಎರಡೂ ಸಲ ನಾಲ್ಕನೇ ದಿನ ಅಂತೀರಿ. ಖಂಡಿತ ಅಂತ ನಾ ಹೇಳಂಗಿಲ್ಲ. ಎದ್ದದ್ದಕ್ಕ ಕಣ್ಣು ಹೋಗಲಿಲ್ಲಮ್ಮ, ತಡಕ್ಕ ಹೋತು’ ಎಂದರು.

ನಿಮ್ಮ ಇಪ್ಪತ್ನಾಲ್ಕರ ಕಾಗದ ನಾನು ಹೊರಡುವ ಹಿಂದಿನ ದಿನ ತಲುಪಿತ್ತು. ಕತ್ತಲಲ್ಲಿ ಓದಿರಲಿಲ್ಲ. ಇಲ್ಲಿ ಎರ್ರೆಮ್ಮ ಒಡೆದು ಕೊಟ್ಟಳು, ಓದಿದೆ. ಅವಳಿಗೆ ಓದು ಬರುವುದಿಲ್ಲ. ‘ಏನು ಬರದಾರ?’ ಎಂದಳು. ‘ಮಿರ್ಚಿ ಹಂಚಿದಾರಂತ’ ಎಂದೆ.

ತಾಯಕ್ಕ

*

ಬುಕ್ಕಸಾಗರ
7–9–1974

ಚಿ. ತಾಯಕ್ಕನಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಅನ್ನ ಇಳಿಯಲಿಲ್ಲ. ಆದರೆ ಎಲ್ಲದಕ್ಕೂ ನನ್ನನ್ನೇ ಹಿಡಿಯಬೇಡ. ಡಾಕ್ಟರು ದೊಡ್ಡ ದೊಡ್ಡ ಮಾತಿನಲ್ಲಿ ಹೇಳಿದರು. ನಾಲ್ಕನೆಯ ಇಯತ್ತೆ ಓದಿದವನಿಗೆ ಎಷ್ಟು ತಿಳಿಯಬೇಕು? ತಂತಿಯೂ ತಡವಾಗಿ ಬಂತು. ತಂತಿಯವನು ಕುಡುಕ. ನನ್ನ ಕೈಯಲ್ಲಿ ಇದ್ದದ್ದು ಬಹಳವೆಂದರೆ ಮೂರು ದಿನ. ನೀನಾದರೂ ‘ಕಣ್ಣು ಬ್ಯಾನಿ’ ಎಂದು ನೇರವಾಗಿ ಹಾಕಿಸಬೇಕಿತ್ತು.

ಒಳ್ಳೆಯ ಸುದ್ದಿ ಇದೆ. ಕಂಪ್ಲಿಯವರು ಮೂವತ್ತೊಂದಕ್ಕೆ ಬಂದು ಒಪ್ಪಿಕೊಂಡು ಹೋದರು. ಲಗ್ನ ಆಗುವವರೆಗೆ ಈ ಸುದ್ದಿ ನಮ್ಮ ನಮ್ಮಲ್ಲೇ ಇರಲಿ. ಒಂದು ಕಣ್ಣು ಚೆನ್ನಾಗಿದೆಯಲ್ಲ. ಫೋಟೋದಲ್ಲಿ ಏನೂ ಗೊತ್ತಾಗುವುದಿಲ್ಲ.

ನಿನ್ನ ಮಾಮ
ಎರ್ರಿಯಪ್ಪ

*

ಚೋರನೂರು
16–9–1974

ಎರ್ರಿಯಪ್ಪನವರಿಗೆ,

ಶಾಲೆಗೆ ಮರಳಿದ್ದೇನೆ. ಕಪ್ಪು ಕನ್ನಡಕ ಇದೆ. ಯಾರಿಂದಲೂ ಮುಚ್ಚಿಡುತ್ತಿಲ್ಲ.

ಮೊದಲು ನನ್ನ ಪಾಲಿನ ಸುಳ್ಳು ಹೇಳಿಬಿಡುತ್ತೇನೆ. ನಿಮ್ಮ ಹೂವಿನ ನೀರಿನ ಬಾಟಲಿಯ ಬಿರಡೆಯನ್ನು ನಾನು ತೆಗೆಯಲೇ ಇಲ್ಲ. ಗೂಡಿನಲ್ಲಿ ಹಾಗೆಯೇ ಇದೆ. ಕೆಂಪು ತಾನಾಗಿ ಇಳಿದಿತ್ತು. ನಿಮಗೆ ಸಂತೋಷವಾಗಲಿ ಎಂದು ನಿಮ್ಮ ನೀರಿನಿಂದ ಇಳಿಯಿತು ಎಂದು ಬರೆದೆ. ಆ ಸುಳ್ಳು ಬರೆಯದಿದ್ದರೆ ನನ್ನ ತಂತಿಯನ್ನು ನೀವು ಸರಿಯಾಗಿ ಓದುತ್ತಿದ್ದಿರೇನೋ. ಅಷ್ಟು ತಪ್ಪು ನನ್ನದು.

ಹೋದ ಶುಕ್ರವಾರ ಇಂಜೆಕ್ಷನ್ನಿನವರು ಉಳಿದವರಿಗಾಗಿ ಮತ್ತೆ ಬಂದರು. ನನ್ನ ಕನ್ನಡಕ ನೋಡಿ ಜನ ಹಿಂದೆ ಸರಿದರು. ನಾನು ಎಲ್ಲ ಹೇಳಿದೆ, ನನ್ನ ಕಣ್ಣಿನ ರೋಗ ಹಳೆಯದು, ಅದು ಮತ್ತೆ ಏಳುವ ಜಾತಿಯದು, ನಿಮಗೆ ಅದಿಲ್ಲ ಎಂದು. ಯಾರೂ ಅಲುಗಲಿಲ್ಲ. ಆಗ ಎರ್ರೆಮ್ಮ ಕಟ್ಟೆ ಹತ್ತಿ ತೋಳು ಚಾಚಿದಳು. ‘ನಾ ದವಾಖಾನ್ಯಾಗ ಕುಂತು ಕೇಳೀನಿ. ಸೂಜಿ ಅಲ್ಲವ್ವ ಅಕ್ಕೋರ ಕಣ್ಣು ತಿಂದದ್ದು, ಅವರ ಮಾಮನ ಬಾಯಿ ತಿಂತು. ಹಾಕಪ್ಪ ನೀ’ ಎಂದಳು. ಅವಳ ಹಿಂದೆ ನಲವತ್ತು ಜನ.

ಕಂಪ್ಲಿಯವರಿಗೆ ನೀವೇ ಹೇಳಿ. ಹತ್ತು ದಿನ ನೋಡುತ್ತೇನೆ, ಆಮೇಲೆ ನಾನೇ ಬರೆಯುತ್ತೇನೆ.

ಡಾಕ್ಟರು ನನ್ನ ಕಾಗದದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದಾರೆ: ಸಹಾಯ ಕೇಳಿದ ಮೇಲೆ ಎಷ್ಟು ದಿನ ಕಳೆಯಿತು. ಔಷಧಿ ಶುರುವಾದದ್ದು ಸೆಪ್ಟೆಂಬರ್ ಒಂದಕ್ಕೆ. ತಂತಿ ಮುಟ್ಟಿದ್ದು ಎಂದು? ನೀವು ಮೂರು ದಿನ ಎನ್ನುತ್ತೀರಿ. ಆದರೆ ಇಪ್ಪತ್ನಾಲ್ಕರ ಕಾಗದದಲ್ಲೇ ‘ನಿನ್ನೆ’ ಮಿರ್ಚಿ ಹಂಚಿದ್ದೀರಿ. ನಿಮ್ಮನ್ನು ಸಿಕ್ಕಿಸಲು ಕೇಳುತ್ತಿಲ್ಲ. ಇದು ಮತ್ತೆ ಏಳುತ್ತದೆ, ಬಲಗಣ್ಣಿನಲ್ಲೂ ಏಳಬಹುದು. ಮುಂದಿನ ಸಲ ನಾನು ಯಾರಿಗೆ ತಂತಿ ಹಾಕಬೇಕೆಂದು ತಿಳಿಯಬೇಕು. ಕ್ಷಮೆ ಬೇಡ, ಕಥೆ ಬೇಡ. ಲೆಕ್ಕ ಬರೆದು ಕಳಿಸಿ.

ತಾಯಕ್ಕ

*

ಬುಕ್ಕಸಾಗರ
29–9–1974

ತಾಯಕ್ಕನಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ನಾಲ್ಕರಲ್ಲೂ ನಾನೇ ದೊಡ್ಡವನಾಗಿದ್ದೆ.

ಚೀಟಿ ಇದರೊಳಗೆ ಇದೆ. ಪಂಚಾಂಗದ ನಡುವೆ ಇಟ್ಟಿದ್ದೆ. ಡಾಕ್ಟರು ದೊಡ್ಡ ಮಾತಿನಲ್ಲಿ ಹೇಳಲಿಲ್ಲ, ನೀನು ಬರೆದಿರುವಂತೆಯೇ ಹೇಳಿದರು. ಅಂದೇ ತಿಳಿದಿತ್ತು. ಕಣ್ಣು ವಾಸಿ ಮಾಡಿಸಿದೆ ಎಂದು ದಾರಿಯಲ್ಲೇ ಮೂವರಿಗೆ ಹೇಳಿಕೊಂಡು ಬಂದಿದ್ದೆ, ಮತ್ತೆ ಬರುವ ರೋಗ ಎಂದು ಮನೆಯಲ್ಲಿ ಹೇಗೆ ಹೇಳಲಿ? ಸಂಬಂಧವೂ ಕೆಡುತ್ತದೆ ಎನಿಸಿತು.

ಕಂಪ್ಲಿಗೆ ಮೊನ್ನೆ ಹೋಗಿ ಹೇಳಿದೆ. ಕುಡಿಯಲು ನೀರು ಕೊಟ್ಟರು, ಕುಂದ್ರಿ ಎನ್ನಲಿಲ್ಲ. ಸಂಬಂಧ ಮುರಿಯಿತು. ಕಣ್ಣಿಗಿಂತ ನಾನು ಮುಚ್ಚಿಟ್ಟದ್ದೇ ಅವರಿಗೆ ದೊಡ್ಡದಾಯಿತು.

ಡ್ಯಾಮಿನಲ್ಲಿ ನಾನು ಜಲ್ಲಿ ಹೊತ್ತವನು. ಎಂಜಿನಿಯರರ ಮುಖವನ್ನು ಹತ್ತಿರದಿಂದ ನೋಡಿದವನಲ್ಲ. ತಂತಿಯವನು ಕುಡುಕನೂ ಅಲ್ಲ. ಇಪ್ಪತ್ತೊಂದರ ಸಂಜೆಯೇ ತಂದುಕೊಟ್ಟ.

ಈಗ ಲೆಕ್ಕ. ಇಪ್ಪತ್ತೊಂದರಿಂದ ಒಂದನೆಯ ತಾರೀಖಿನವರೆಗೆ ಹನ್ನೊಂದು ದಿನ. ಡಾಕ್ಟರ ಖಾಲಿ ಸಾಲಿಗೆ ಅಷ್ಟು ಬರೆಸು.

ಆದರೆ ನೀನು ಕೇಳಿದ್ದು ಅದಲ್ಲ ಎಂದು ನನಗೆ ಗೊತ್ತು. ಇಪ್ಪತ್ತೈದರ ಬೆಳಿಗ್ಗೆ ನಿನ್ನ ಅತ್ತೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ‘ಅಲ್ರೀ, ಕಣ್ಣು ಬಂತು ಅಂದ್ರ ಕಣ್ಣು ಬ್ಯಾನಿ ಬಂತು ಅಂತಲ್ಲೇನ್ರಿ? ಆ ಹುಡುಗಿ ಬಾ ಅಂತ ಯಾಕ ಕರೀತಾಳ?’ ಎಂದಳು. ಆ ಕ್ಷಣವೇ ನನಗೆ ಎಲ್ಲ ತಿಳಿಯಿತು. ‘ರೊಟ್ಟಿ ಬಡಿ ಸುಮ್ನ’ ಎಂದೆ. ಊರೆಲ್ಲ ಮಿರ್ಚಿ ತಿಂದಾಗಿತ್ತು. ಕಂಪ್ಲಿಯವರು ಬರುವವರಿದ್ದರು. ದಿನಾ ಬೆಳಿಗ್ಗೆ ಹೊಸಪೇಟೆಯ ಬಸ್ಸು ನಮ್ಮ ಬಾಗಿಲ ಮುಂದೆ ನಿಲ್ಲುತ್ತಿತ್ತು. ಚೀಟಿಯನ್ನು ಪಂಚಾಂಗದಿಂದ ತೆಗೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಹತ್ತಲಿಲ್ಲ.

ನಿನ್ನ ಹನ್ನೊಂದು ದಿನದಲ್ಲಿ ತಿಳಿಯದೆ ಕಳೆದದ್ದು ನಾಲ್ಕು. ತಿಳಿದು ಕಳೆದದ್ದು ಏಳು.

ಎರ್ರಿಯಪ್ಪ